ಪ್ರತಿಕ್ರಿಯೆ: ಜಕ್ಕೂರಿನಿಂದ ಹೆಲಿಕಾಪ್ಟರ್ ಸುತ್ತು, ಮೂವರಿಗೂ ಕಿಟಕಿ ಸೀಟು ಸಿಗುತ್ತಾ?

ಚಿಕ್ಕಬಳ್ಳಾಪುರದಿಂದ ತಾಯಿ, ಮಗಳ ಜೊತೆ ಬಂದು ಜಕ್ಕೂರು ಏರೋಡ್ರೋಮ್‌ನಿಂದ ಬೆಂಗಳೂರಿನ ಮೇಲೆ ಹತ್ತು ನಿಮಿಷ ಹಾರಬೇಕು, ಮೂವರಿಗೂ ಕಿಟಕಿ ಬೇಕು ಅಂದಿದ್ದೀರಿ. ಅದು ಹೆಲಿಕಾಪ್ಟರ್ ಯಾವುದು ಅನ್ನೋದರ ಮೇಲಿದೆ. ಬೆಲ್ 407ರಲ್ಲಿ ಹಿಂದಿನ ಸಾಲಿಗೆ ಮೂರು ಸೀಟು, ನಡುವೆ ಕೂತವರಿಗೆ ಕಾಣೋದು ಕಡಿಮೆ. ರಾಬಿನ್ಸನ್ ಆರ್44 ಆದರೆ ಪೈಲಟ್ ಬಿಟ್ಟು ಮೂರೇ ಸೀಟು, ಮೂರಕ್ಕೂ ಕಿಟಕಿ. ಬುಕ್ ಮಾಡೋ ಮುಂಚೆ ಇದನ್ನೇ ಕೇಳಿ. ಯಾರು ಎಲ್ಲಿ ಕೂರಬೇಕು ಅಂತ ತೂಕ ನೋಡಿ ಹಾರಾಟ ನಡೆಸೋರೇ ಹೇಳ್ತಾರೆ, ಭಾರ ಒಂದು ಕಡೆಗೆ ವಾಲಬಾರದು. ತೂಕ ಕೇಳಿದಾಗ ದಯವಿಟ್ಟು ಕಡಿಮೆ ಮಾಡಿ ಹೇಳಬೇಡಿ.

ಹೊತ್ತಿನ ವಿಷಯ ಇನ್ನೂ ಮುಖ್ಯ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಿಸಿಲೇರಿದಂತೆ ಗಾಳಿ ತೆಳುವಾಗಿ ರೋಟರ್‌ಗೆ (ಮೇಲೆ ತಿರುಗುವ ರೆಕ್ಕೆಗೆ) ಎತ್ತುವ ಶಕ್ತಿ ತಗ್ಗುತ್ತೆ. ಕಾದ ನೆಲದಿಂದ ಏಳುವ ಗಾಳಿ ಕುಲುಕುತ್ತೆ, ತಾಯಿಯವರಿಗೆ ಹೊಟ್ಟೆ ತೊಳಸೋದು ಆಗಲೇ. ಬೆಳಿಗ್ಗೆಯೇ ಒಳ್ಳೇದು. ಆದರೆ ಡಿಸೆಂಬರ್, ಜನವರಿಯಲ್ಲಿ ಏಳು ಗಂಟೆಯ ಸ್ಲಾಟ್ ಬೇಡ, ಮಂಜು ಕರಗೋವರೆಗೆ ಕಾಯಬೇಕಾದೀತು. ಒಂಬತ್ತರ ಆಸುಪಾಸು ತಗೊಳ್ಳಿ. ಪಕ್ಕದಲ್ಲೇ ಯಲಹಂಕ ವಾಯುನೆಲೆ ಇರೋದರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ.

ಆಧಾರ್ ಮೂಲ ಪ್ರತಿ ಇಟ್ಕೊಳ್ಳಿ. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ಟೋಪಿ, ದುಪಟ್ಟಾ ಬ್ಯಾಗಿನೊಳಗೆ. ಸಿಬ್ಬಂದಿ ಕರೆಯೋವರೆಗೆ ಹತ್ತಿರ ಹೋಗಬೇಡಿ, ಮಗಳ ಕೈ ಬಿಡಬೇಡಿ: ಬಾಲದ ರೋಟರ್ ತಿರುಗುವಾಗ ಕಣ್ಣಿಗೆ ಕಾಣೋದೇ ಇಲ್ಲ. ಫೋಟೋಗೆ ಗಾಢ ಬಣ್ಣದ ಬಟ್ಟೆ ಹಾಕಿ, ಬಿಳಿ ಅಂಗಿ ಕಿಟಕಿಯಲ್ಲಿ ಪ್ರತಿಫಲಿಸುತ್ತೆ. ಫೋನನ್ನು ಕಿಟಕಿಗೆ ಒತ್ತಿ ಹಿಡಿದರೆ ನಡುಕಕ್ಕೆ ಚಿತ್ರ ಮಸುಕಾಗುತ್ತೆ, ಎರಡು ಬೆರಳು ಅಂತರ ಇರಲಿ.