ಸಂಗೀತದ ಸಂಚಿಕೆಗೆ ಚಿತ್ರಗಳೇಕೆ?

ಧಾರವಾಡದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ‘ಕಳೆದ ಸಂಗೀತ ವಿಶೇಷಾಂಕದಲ್ಲಿ ಮ್ಯಾಗ್ನಮ್ ಎಂಬ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ಛಾಯಾಗ್ರಾಹಕರಿಗೂ ರೆಕಾರ್ಡುಗಳ ಹೊದಿಕೆಗೆ ಚಿತ್ರ ಬರೆದವರಿಗೂ ಆರು ಪುಟ ಕೊಟ್ಟಿದ್ದೀರಿ. ಸಂಗೀತ ಕಿವಿಯ ವಿದ್ಯೆ. ಆ ಜಾಗದಲ್ಲಿ ಒಂದು ರಾಗದ ವಿಚಾರ ಬರೆಸಬಹುದಿತ್ತು. ಕಛೇರಿಗಳಲ್ಲಿ ಕ್ಯಾಮೆರಾದವರ ಕಾಟ ಸಾಲದೆಂದು ನೀವೂ ಅವರನ್ನು ಮೆರೆಸುತ್ತೀರಿ. ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರು ಹಾಕಿದ್ದು ಅತಿಯಾಯಿತು. ನಮ್ಮ ಪಡಸಾಲೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿರುವ ಫೋಟೊ ನಲವತ್ತು ವರ್ಷಗಳಿಂದ ಇದೆ. ತೆಗೆದವರು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ.’

ಮಾನ್ಯರೇ,

ತಮ್ಮ ದೂರಿನ ಒಂದು ಭಾಗವನ್ನು ಮರುಮಾತಿಲ್ಲದೆ ಒಪ್ಪುತ್ತೇನೆ. ಗಾಯಕರು ಕಣ್ಣು ಮುಚ್ಚಿ ಷಡ್ಜ ಹಿಡಿದಿರುವಾಗ ಅವರ ಮುಖಕ್ಕೆ ಫ್ಲ್ಯಾಶ್ ಹಾಯಿಸುವುದು ಅಪಚಾರವೇ ಸರಿ. ವೇದಿಕೆಯ ಮುಂದೆ ಬೆನ್ನು ತೋರಿಸಿ ನಿಲ್ಲುವವರನ್ನು ಸಂಘಟಕರು ಹಿಂದಕ್ಕೆ ಕಳಿಸಬೇಕು. ಆದರೆ ಅಷ್ಟಕ್ಕೇ ಸಂಗೀತಕ್ಕೂ ಚಿತ್ರಕ್ಕೂ ಸಂಬಂಧವೇ ಇಲ್ಲವೆಂಬ ತೀರ್ಮಾನಕ್ಕೆ ತಮ್ಮಂಥ ಹಳೆಯ ರಸಿಕರು ಬಂದದ್ದು ನನಗೆ ನೋವು ತಂದಿತು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಮನೆಯ ಬೈಠಕ್ಕಿನಲ್ಲಿ ನಾನು ಛಾಯಾಗ್ರಾಹಕರೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ಅವರದು ರೀಲಿನ ಕ್ಯಾಮೆರಾ. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಎದ್ದು ಬೀಳುವ ಸದ್ದು ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವಂಥದು. ವಿಲಂಬಿತ ಏಕತಾಲದ, ಅಂದರೆ ಹನ್ನೆರಡು ಮಾತ್ರೆಗಳ ನಿಧಾನಗತಿಯ, ಖ್ಯಾಲು ನಡೆದಿತ್ತು. ಅವರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಮಂಡಿಯ ಮೇಲೆ ಮಾತ್ರೆ ಎಣಿಸುತ್ತಿದ್ದರು. ಹನ್ನೊಂದನೆಯ ಮಾತ್ರೆಗೆ ಕ್ಯಾಮೆರಾ ಕಣ್ಣಿಗೆ ಏರುತ್ತಿತ್ತು. ಗಾಯಕರು ಹಾಡಿನ ಎತ್ತುಗಡೆಯಾದ ಮುಖಡಾ ಹಿಡಿದು, ತಾಲದ ಮೊದಲ ಮಾತ್ರೆಯಾದ ಸಮಕ್ಕೆ ಬಂದು, ತಬಲಾದ ‘ಧಿನ್’ ಮೊಳಗಿ, ಕೂತವರೆಲ್ಲ ‘ವಾಹ್’ ಎನ್ನುವ ಹೊತ್ತಿಗೆ ಸರಿಯಾಗಿ ಶಟರ್ ಬೀಳುತ್ತಿತ್ತು. ಎರಡೂವರೆ ಗಂಟೆಯಲ್ಲಿ ಅವರು ಗುಂಡಿ ಒತ್ತಿದ್ದು ಹದಿನಾಲ್ಕು ಸಲ. ಒಂದು ಸಲವೂ ಆ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಅವರಷ್ಟು ಎಚ್ಚರದಿಂದ ಅಂದಿನ ತಾಲವನ್ನು ಕೇಳಿಸಿಕೊಂಡವರು ತಬಲಾ ನುಡಿಸುತ್ತಿದ್ದವರೊಬ್ಬರೇ ಇರಬೇಕು. ಸಂಗೀತದ ಒಳ್ಳೆಯ ಚಿತ್ರ ಹುಟ್ಟುವುದೇ ಕೇಳುವಿಕೆಯಿಂದ ಎಂಬ ನಂಬಿಕೆ ಆ ರಾತ್ರಿ ನನ್ನಲ್ಲಿ ಬೇರೂರಿತು.

ಆ ಮೇಲೆ ಓದಿಕೊಂಡದ್ದೆಲ್ಲ ಈ ನಂಬಿಕೆಯನ್ನು ಗಟ್ಟಿ ಮಾಡಿತು. ವಿಲಿಯಂ ಗಾಟ್ಲೀಬ್ ಎಂಬುವರು 1930ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಜಾಝ್ ಅಂಕಣ ಬರೆಯುತ್ತಿದ್ದರು. ಛಾಯಾಗ್ರಾಹಕರಿಗೆ ಹಣ ಕೊಡಲು ಪತ್ರಿಕೆ ಒಪ್ಪದ ಕಾರಣ ಅವರೇ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಕೊಂಡು ಕಲಿತರು. ಫಿಲ್ಮು, ಬಲ್ಬುಗಳಿಗೆಲ್ಲ ಸ್ವಂತ ಹಣವಾದ್ದರಿಂದ ಒಂದು ಸಂಜೆಗೆ ಮೂರೋ ನಾಲ್ಕೋ ಚಿತ್ರಗಳಷ್ಟೇ. ಆ ಸಂಗೀತವನ್ನು ಬಲ್ಲವರಾದ್ದರಿಂದ ಯಾವ ಘಳಿಗೆಗೆ ಕಾಯಬೇಕೆಂಬುದು ಅವರಿಗೆ ಗೊತ್ತಿತ್ತು. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರು ಹಾಡುತ್ತಿರುವ ಗಾಟ್ಲೀಬರ ಚಿತ್ರದಲ್ಲಿ ಕತ್ತಿನ ನರ ಬಿಗಿದಿರುವುದನ್ನು ನೋಡಿದವರಿಗೆ ಆ ದನಿ ಎಲ್ಲಿಂದ ಬರುತ್ತಿತ್ತೆಂಬುದು ತಿಳಿಯುತ್ತದೆ.

ನಾವು ಪರಿಚಯಿಸಿದ ಮ್ಯಾಗ್ನಮ್ಮಿನವರಲ್ಲಿ ಗಿ ಲ ಕೆರೆಕ್ ಅವರ ಪುಟವನ್ನು ತಾವು ಮಗುಚಿಬಿಟ್ಟಿರೆಂದು ತೋರುತ್ತದೆ. ಫ್ರಾನ್ಸಿನ ಈ ಛಾಯಾಗ್ರಾಹಕರು ರೊಮಾನೊ, ಸ್ಕ್ಲಾವಿಸ್, ತೆಕ್ಸಿಯೇ ಎಂಬ ಮೂವರು ಜಾಝ್ ವಾದಕರೊಡನೆ ಆಫ್ರಿಕಾದ ಊರೂರು ತಿರುಗಿದರು. ಆ ಪಯಣದಿಂದ 1995ರಲ್ಲಿ ಬಂದ ಧ್ವನಿಮುದ್ರಿಕೆಯೊಡನೆ ಅವರ ಚಿತ್ರಗಳೂ ಪ್ರಕಟವಾದವು. 2005ರಲ್ಲಿ ಬಂದ ಮೂರನೆಯ ಮುದ್ರಿಕೆಯ ವೇಳೆಗೆ ವಾದಕರು ಆ ಚಿತ್ರಗಳನ್ನೇ ಮುಂದಿಟ್ಟುಕೊಂಡು ಹೊಸ ಸಂಗೀತ ರಚಿಸಿದರು. ಕಿವಿಯ ವಿದ್ಯೆ ಕಣ್ಣಿನಿಂದ ಪಡೆದ ಸಾಲ ಇದು. ಅದೇ ಮ್ಯಾಗ್ನಮ್ಮಿನ ನಮ್ಮ ರಘು ರಾಯ್ ಅವರು ಭೀಮಸೇನ ಜೋಶಿಯವರಂಥ ಹಿರಿಯರ ಮುಂದೆ ವರ್ಷಗಟ್ಟಲೆ ಕುಳಿತು ತೆಗೆದ ಚಿತ್ರಗಳನ್ನೂ ತಾವು ಕಾಟವೆಂದೇ ಎಣಿಸುವಿರಾ?

ರೇಖೆಯ ಮಾತು ಬಂದರೆ ದೂರ ಹೋಗಬೇಕಾಗಿಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಲಯ ಎಂದರೇನೆಂದು ಅರಿಯಲು, ಆಗಲೇ ಹೆಸರಾಂತ ಚಿತ್ರಕಾರರಾಗಿದ್ದರೂ ಗೆಜ್ಜೆ ಕಟ್ಟಿ ಕಥಕ್ ಕಲಿತರು. ಅವರ ರೇಖಾಚಿತ್ರಗಳಲ್ಲಿ ಒಂದೇ ಎಳೆ ತೋಳಾಗಿ, ಸೊಂಟವಾಗಿ, ಮದ್ದಳೆಯ ಅಂಚಾಗಿ ಹರಿದು ಬಂದು ನಿಲ್ಲುವ ಜಾಗವನ್ನು ಗಮನಿಸಿ; ಅಲ್ಲಿ ನಿಲ್ಲಬೇಕೆಂದು ಆ ಕೈಗೆ ಹೇಳಿಕೊಟ್ಟದ್ದು ತಾಲ.

ಹೆಸರಿನ ವಿಚಾರದಲ್ಲಿ ತಾವು ‘ಅತಿಯಾಯಿತು’ ಎಂದಿರಿ. ನನಗೆ ಅದು ತೀರ ಕಡಿಮೆಯಾಯಿತೆಂದು ಅನ್ನಿಸುತ್ತದೆ. 1947ರಲ್ಲಿ ರಾಬರ್ಟ್ ಕಾಪಾ, ಕಾರ್ತಿಯೆ ಬ್ರೆಸಾನ್ ಮೊದಲಾದವರು ಮ್ಯಾಗ್ನಮ್ ಕಟ್ಟಿದ್ದೇ ಚಿತ್ರದ ಹಕ್ಕು ತೆಗೆದವರ ಬಳಿ ಉಳಿಯಲೆಂದು. ಲೆಡ್ ಝೆಪ್ಲಿನ್ ಎಂಬ ರಾಕ್ ತಂಡದ 1969ರ ಮೊದಲ ರೆಕಾರ್ಡಿನ ಹೊದಿಕೆಗೆ, 1937ರಲ್ಲಿ ಹೊತ್ತಿ ಉರಿದ ಹಿಂಡೆನ್‌ಬರ್ಗ್ ವಾಯುನೌಕೆಯ ಫೋಟೊವನ್ನು ಜಾರ್ಜ್ ಹಾರ್ಡಿ ಎಂಬ ಎಳೆಯ ಕಲಾವಿದರು ಚುಕ್ಕೆಗಳಿಂದಲೇ ಬಿಡಿಸಿಕೊಟ್ಟರು. ಅವರ ಕೈಗೆ ಬಂದದ್ದು 60 ಪೌಂಡ್. ಆ ಮೂಲಚಿತ್ರ 2020ರ ಹರಾಜಿನಲ್ಲಿ 3,25,000 ಡಾಲರಿಗೆ ಹೋಯಿತು. ಮೂಲ ಫೋಟೊ ತೆಗೆದವರು ಸ್ಯಾಮ್ ಶೀರ್ ಎಂಬುದೂ, ಚುಕ್ಕೆ ಇಟ್ಟವರು ಹಾರ್ಡಿ ಎಂಬುದೂ ಇಂದಿಗೂ ದಾಖಲೆಯಲ್ಲಿ ಉಳಿದಿವೆ.

ನಮ್ಮಲ್ಲಿ? ಹುಬ್ಬಳ್ಳಿಯ ಬೈಠಕ್ಕಿನ ಆ ಹದಿನಾಲ್ಕು ಚಿತ್ರಗಳಲ್ಲಿ ಒಂದನ್ನು, ಗಾಯಕರು ತೀರಿಕೊಂಡ ಮೇಲೆ, ಸಂಸ್ಥೆಯೊಂದು ಊರ ತುಂಬ ಬ್ಯಾನರುಗಳಲ್ಲಿ ಹಾಕಿಸಿತು. ಪ್ರಾಯೋಜಕರ ಹೆಸರುಗಳು ದಪ್ಪಕ್ಷರದಲ್ಲಿದ್ದವು. ಮಾತ್ರೆ ಎಣಿಸಿ ಚಿತ್ರ ತೆಗೆದವರ ಹೆಸರು ಎಲ್ಲಿಯೂ ಇರಲಿಲ್ಲ. ನಾನು ವಿಚಾರಿಸಿದಾಗ, ‘ದುಡ್ಡು ಕೊಟ್ಟು ತೆಗೆಸಿದ್ದಲ್ಲವೇ?’ ಎಂಬ ಉತ್ತರ ಬಂತು. ದುಡ್ಡು ಕೊಟ್ಟವರಿಗೆ ಸ್ವಾಮ್ಯ ಹೋದರೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಹೇಳುತ್ತದೆ. ಪತ್ರಿಕೆಗಳವರಾದ ನಾವೂ ‘ಸಂಗ್ರಹ ಚಿತ್ರ’ ಎಂಬ ಒಂದು ಪದವನ್ನು ಅಡಿಗೆ ಹಾಕಿ, ಎಷ್ಟೋ ಜನರ ದುಡಿಮೆಯನ್ನು ಅನಾಥ ಮಾಡಿದ್ದೇವೆ. ಈಗಂತೂ ಛಾಯಾಗ್ರಾಹಕರೂ ಬೇಡ, ಚಿತ್ರಕಾರರೂ ಬೇಡವೆಂಬ ಕಾಲ ಬಂದಿದೆ. ಕಳೆದ ತಿಂಗಳು ನಮ್ಮ ಕಚೇರಿಗೆ ಬಂದ ಸಂಗೀತೋತ್ಸವದ ಆಮಂತ್ರಣವೊಂದರ ಮೇಲೆ ಯಂತ್ರ ರಚಿಸಿದ ಚಿತ್ರವಿತ್ತು. ತಂಬೂರಿಗೆ ಆರು ತಂತಿ, ಅವನ್ನು ಬಿಗಿಯಲು ಮೂರೇ ಬಿರಡೆ. ಗಾಯಕಿಯ ಬೆರಳುಗಳು ತಂತಿಯನ್ನು ಬಿಟ್ಟು ಮರವನ್ನು ಮೀಟುತ್ತಿದ್ದವು. ತಂಬೂರಿಯನ್ನು ಒಮ್ಮೆಯಾದರೂ ಶ್ರುತಿ ಮಾಡುವುದನ್ನು ನೋಡಿದ ಚಿತ್ರಕಾರರಿಂದ ಆ ತಪ್ಪು ಆಗುತ್ತಿರಲಿಲ್ಲ. ಅಂಥವರು ನಮ್ಮ ಊರುಗಳಲ್ಲಿ ಇಂದೂ ಕೆಲಸವಿಲ್ಲದೆ ಕುಳಿತಿದ್ದಾರೆ.

ತಮ್ಮ ಪಡಸಾಲೆಯ ಫೋಟೊವನ್ನು ದಯವಿಟ್ಟು ಒಮ್ಮೆ ಗೋಡೆಯಿಂದ ಇಳಿಸಿ, ಹಿಂಬದಿಯ ರಟ್ಟು ಬಿಚ್ಚಿ ನೋಡಿ. ಪ್ರತಿಯ ಬೆನ್ನಿಗೆ ರಬ್ಬರ್ ಮೊಹರು ಒತ್ತುವ ರೂಢಿ ಆ ಕಾಲದ ಅನೇಕ ಸ್ಟುಡಿಯೊಗಳಲ್ಲಿತ್ತು. ನಲವತ್ತು ವರ್ಷಗಳಲ್ಲಿ ಫೋಟೊ ಗಾಜಿಗೆ ಅಂಟಿಕೊಂಡಿರಬಹುದು. ಅವಸರದಲ್ಲಿ ಎಳೆಯದೆ, ಕಟ್ಟು ಹಾಕುವವರ ಕೈಯಲ್ಲೇ ಬಿಚ್ಚಿಸಿ. ಹೆಸರು ಸಿಕ್ಕರೆ ಬರೆದು ತಿಳಿಸಿ. ಮೊಹರು ಮಸುಕಾಗಿದ್ದರೆ ಅದರದೇ ಒಂದು ಚಿತ್ರ ಕಳಿಸಿ. ಧಾರವಾಡದ ಹಳೆಯ ಸ್ಟುಡಿಯೊದವರನ್ನು ನಾನೇ ವಿಚಾರಿಸುತ್ತೇನೆ. ತಾವು ಕೇಳಿದ ರಾಗದ ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದರ ಪಕ್ಕದಲ್ಲಿ ತಮ್ಮ ಮನೆಯ ಮನ್ಸೂರರ ಫೋಟೊವನ್ನೂ, ಅದರ ಕೆಳಗೆ ತೆಗೆದವರ ಹೆಸರನ್ನೂ ಅಚ್ಚು ಹಾಕಬೇಕೆಂದು ಅರ್ಧ ಪುಟ ಖಾಲಿ ಬಿಡಿಸಿದ್ದೇನೆ.

— ಸಂಪಾದಕ