ರಾಯಚೂರಿನ ಬಿಸಿಲಿನ ಪಡಸಾಲೆಗೆ ಅಗ್ಗದ ಟಿವಿ ಸಾಕೇ?

43 ಇಂಚಿನ ಅಗ್ಗದ ಟಿವಿ ಮತ್ತು ಅದರ ಎರಡರಷ್ಟು ಬೆಲೆಯ ಮಾದರಿ, ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ರಾಯಚೂರಿನ ನಿಮ್ಮ ಪಡಸಾಲೆಯಲ್ಲಿ ಹಗಲೆಲ್ಲ ಬಿಸಿಲಿರುತ್ತದೆ ಎಂಬ ಮಾತೇ ಇಲ್ಲಿ ಮುಖ್ಯ. ಎರಡರ ಪೆಟ್ಟಿಗೆಯ ಮೇಲೂ 4ಕೆ, ಎಚ್‌ಡಿಆರ್ ಎಂದು ಬರೆದಿರುತ್ತದೆ. ಎಚ್‌ಡಿಆರ್ ಎಂದರೆ ಚಿತ್ರದ ಬೆಳಕು, ಕತ್ತಲೆಗಳ ಅಂತರವನ್ನು ಹೆಚ್ಚು ಎದ್ದು ಕಾಣುವಂತೆ ತೋರಿಸುವ ತಂತ್ರ. ಆದರೆ ಸುಮಾರು 250 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಬೆಳಕಿನ ಅಗ್ಗದ ಪರದೆಯು ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಅದನ್ನು ತೋರಿಸುವಷ್ಟು ಪ್ರಖರತೆ ಅದಕ್ಕಿರುವುದಿಲ್ಲ. ಮಧ್ಯಾಹ್ನ ಕಿಟಕಿ ತೆರೆದಿದ್ದರೆ, ಕತ್ತಲೆಯ ದೃಶ್ಯದಲ್ಲಿ ನಟರ ಮುಖಕ್ಕಿಂತ ಪರದೆಯ ಮೇಲೆ ಬೀಳುವ ಕಿಟಕಿಯ ಸರಳುಗಳ ಪ್ರತಿಬಿಂಬವೇ ಸ್ಪಷ್ಟವಾಗಿ ಕಾಣುತ್ತದೆ. ಹಗಲಿನಲ್ಲಿ ಕ್ರಿಕೆಟ್, ಸಿನಿಮಾ ನೋಡುವ ಮನೆಯಾದರೆ 500 ನಿಟ್ಸ್ ದಾಟುವ, ಲೋಕಲ್ ಡಿಮ್ಮಿಂಗ್ (ಕತ್ತಲೆಯ ಭಾಗಗಳ ಹಿಂದಿನ ಬೆಳಕನ್ನಷ್ಟೇ ತಗ್ಗಿಸುವ ವ್ಯವಸ್ಥೆ) ಇರುವ ಮಾದರಿಗೆ ಹೆಚ್ಚು ಹಣ ಕೊಡುವುದು ಖಂಡಿತ ಸಾರ್ಥಕ. ರಾತ್ರಿಯ ವಾರ್ತೆ, ಧಾರಾವಾಹಿಗಷ್ಟೇ ಆದರೆ ಅಗ್ಗದ್ದೇ ಸಾಕು. ಉಳಿದ ಹಣದಲ್ಲಿ ಒಂದು ಸೌಂಡ್‌ಬಾರ್ ತನ್ನಿ, ಏಕೆಂದರೆ ತೆಳುವಾದ ಟಿವಿಗಳ ಸ್ಪೀಕರ್‌ನಲ್ಲಿ, ಫ್ಯಾನ್ ಜೋರಾಗಿ ತಿರುಗುವಾಗ, ಸಂಭಾಷಣೆ ಸರಿಯಾಗಿ ಕೇಳಿಸುವುದಿಲ್ಲ.