ಮಗನ ಮೊಬೈಲಿಗೆ ಬಂದ ಆ ಮೆಸೇಜು

ನಿಮ್ಮ ಪತ್ರ ಓದಿದೆ. 16 ವರ್ಷದ ಮಗನ ಮೊಬೈಲು ಟೇಬಲ್ ಮೇಲಿತ್ತು, ಲಾಕ್ ಆಗಿದ್ದ ಸ್ಕ್ರೀನಿನ ಮೇಲೆ ‘ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಿರಾ?’ ಅಂತ ಮೆಸೇಜು ಬಂತು, ನೋಡಿ ಕೈಕಾಲು ತಣ್ಣಗಾಯಿತು ಎಂದು ಬರೆದಿದ್ದೀರಿ. ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬುತ್ತಾರಲ್ಲ, ಡಿಲೀಟ್ ಮಾಡಿಬಿಡಲಾ ಅಂತ ಕೇಳಿದ್ದೀರಿ.

ಡಿಲೀಟ್ ಮಾಡಬೇಡಿ.

ಮೆಸೇಜು ಬಂದ ಮಾತ್ರಕ್ಕೆ ಮಗ ಏನೋ ಮಾಡಿಕೊಂಡಿದ್ದಾನೆ ಅಂತಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2006ರಿಂದಲೇ 13ರಿಂದ 64 ವರ್ಷದ ಎಲ್ಲರೂ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಲಿ ಅನ್ನುತ್ತಿದೆ. ಈ ವೈರಸ್ ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಹುಟ್ಟುವಾಗಲೇ ತಾಯಿಯಿಂದ ಬಂದಿದ್ದು ಹದಿಹರೆಯದವರೆಗೂ ಗೊತ್ತಾಗದ ಮಕ್ಕಳೂ ಇದ್ದಾರೆ. ಗೊತ್ತಾದರೆ ಔಷಧ ಇದೆ. ತಪ್ಪದೆ ತಗೊಂಡು, ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ.

ಆದರೆ ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಆ ಸ್ಕ್ರೀನು ನಿಮ್ಮ ಕಣ್ಣಿಗೆ ಬಿತ್ತು, ಪಕ್ಕದಲ್ಲಿ ಕೂತ ಗೆಳೆಯನ ಕಣ್ಣಿಗೆ ಬಿದ್ದಿದ್ದರೆ? ಇಡೀ ಕ್ಲಾಸಿಗೆ ಸುದ್ದಿ. ಇಂಥದ್ದನ್ನು ಕಳಿಸುವವರು ರೋಗದ ಹೆಸರನ್ನು ಮೊದಲ ಮೆಸೇಜಿನಲ್ಲಿ ಹಾಕಲೇಬಾರದು. ‘ನಿನ್ನ ಆರೋಗ್ಯದ ಬಗ್ಗೆ ಏನಾದರೂ ಕೇಳಬೇಕಾ? ಹೌದಾದರೆ 1 ಕಳಿಸು’ ಅಂದರೆ ಸಾಕು, ಉಳಿದದ್ದು ಅವನು ಉತ್ತರಿಸಿದ ಮೇಲೆ. ಹೇಗೂ ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ ಹಿಡಿಯುವುದು 70 ಅಕ್ಷರ, ಅದರಲ್ಲೂ ಕೊಂಬು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಉಪದೇಶಕ್ಕೆ ಜಾಗವೇ ಇಲ್ಲ. ಒಳ್ಳೆಯದೇ ಆಯಿತು!

ಕೇಳುವ ಮೆಸೇಜಿಗೆ ಎಷ್ಟು ಶಕ್ತಿ ಅಂತ ಕೀನ್ಯಾದಲ್ಲಿ ನೋಡಿದ್ದಾರೆ. ಅದು ಪರೀಕ್ಷೆಗೆ ಕರೆಯುವುದಲ್ಲ, ಚಿಕಿತ್ಸೆಯಲ್ಲಿದ್ದ ದೊಡ್ಡವರ ವಿಷಯ. ವಾರಕ್ಕೊಮ್ಮೆ ‘ಮಾಂಬೊ?’, ಅಂದರೆ ಹೇಗಿದ್ದೀರಿ, ಅಷ್ಟೇ. ಚೆನ್ನಾಗಿದ್ದೇನೆ ಅಥವಾ ತೊಂದರೆ ಇದೆ ಅಂತ ಉತ್ತರಿಸಬೇಕು, ತೊಂದರೆ ಅಂದವರಿಗೆ ನರ್ಸ್ ಫೋನ್ ಮಾಡುತ್ತಿದ್ದರು. ಮೆಸೇಜು ಬರದವರಿಗಿಂತ ಇವರು ಔಷಧ ಸರಿಯಾಗಿ ತಗೊಂಡರು, 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಡೆ ಒಬ್ಬ ಮನುಷ್ಯ ಇದ್ದಾನೆ ಅನ್ನಿಸಬೇಕು, ಅಲ್ವಾ?

ಮೆಸೇಜು ನಿಜಕ್ಕೂ ಕೆಲಸಕ್ಕೆ ಬರುವ ಇನ್ನೊಂದು ಕಡೆ ಇದೆ. ಸೋಂಕು ತಗುಲಿರಬಹುದು ಅಂತ ಭಯಬಿದ್ದ ಹುಡುಗ ಅದರ ಮರುದಿನವೇ ಓಡಿಹೋಗಿ ಪರೀಕ್ಷೆ ಮಾಡಿಸಿದರೆ ‘ಇಲ್ಲ’ ಅಂತ ಬರಬಹುದು, ಸೋಂಕು ತಗುಲಿದ್ದರೂ. ಬೆರಳಿನ ರಕ್ತದ ರ‍್ಯಾಪಿಡ್ ಟೆಸ್ಟ್‌ನಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದು ತಗುಲಿದ 23ರಿಂದ 90 ದಿನದೊಳಗೆ. ಸಮಾಧಾನವಾಗಿ ಮರೆತುಬಿಟ್ಟವನನ್ನು ಮೂರು ತಿಂಗಳಿಗೆ ಮತ್ತೆ ಕರೆಯಲು ಒಂದು ನೆನಪೋಲೆ ಬೇಕು. ಹಾಗಂತ ಮರುದಿನ ಹೋಗುವುದೇ ಬೇಡ ಅಂತಲ್ಲ, ವೈರಸ್ ತಗುಲಿರಬಹುದಾದ ಹೊತ್ತಿನಿಂದ 72 ಗಂಟೆಯೊಳಗೆ ಶುರು ಮಾಡಿದರೆ ಸೋಂಕು ತಡೆಯಬಹುದಾದ ಔಷಧವೂ ಇದೆ. ಫಲಿತಾಂಶವನ್ನು ಮಾತ್ರ ಮೆಸೇಜಿನಲ್ಲಿ ಕಳಿಸಬಾರದು, ಅದನ್ನು ಎದುರಿಗೆ ಕೂತೇ ಹೇಳಬೇಕು.

ನೀವು ನೋಡಿದ್ದನ್ನು ಮಗನಿಗೆ ಹೇಳಿಬಿಡಿ, ಮುಚ್ಚಿಡಬೇಡಿ. ಯಾಕೆ ಬಂತು ಅಂತ ಕೆದಕಬೇಡಿ. ‘ಹೋಗಬೇಕು ಅನ್ನಿಸಿದರೆ ನಾನೂ ಬರ್ತೀನಿ, ಹೊರಗೆ ಕೂತಿರು ಅಂದರೆ ಹೊರಗೇ ಕೂತಿರ್ತೀನಿ’ ಅನ್ನಿ. ಅವನು ಅವತ್ತು ಏನೂ ಮಾತಾಡದೆ ಎದ್ದು ಹೋಗಬಹುದು, ಹೋಗಲಿ ಬಿಡಿ.